ಮೇಷ್ಟ್ರ ಪೆಟ್ಟಿಗೆಯ ಬೇವಿನೆಲೆ

ಕರಿಯಕ್ಕ ಬಂದಾಗ ನಾನು ಪತ್ತೇದಾರ ತಿಮ್ಮರಾಯಪ್ಪನವರ ಜಗಲಿಯಲ್ಲಿ ಕೂತು, ನನ್ನ ಹಿಂದಿನ ಜಟಕಾ ಕುದುರೆ ಮಧುಗಿರಿ ಬೆಟ್ಟದ ನೆರಳಿಗೆ ಹೆದರಿ ಶಿರಾದವರೆಗೂ ಓಡಿದ ಕತೆ ಹೇಳುತ್ತಿದ್ದೆ. ನಂಬದವರು ಕುದುರೆಯನ್ನೇ ಕೇಳಬಹುದಿತ್ತು. ಪಾಪ, ಈಗ ಅದಿಲ್ಲ. ರಾಯಪ್ಪನವರು ಕೋರ್ಟಿನಲ್ಲಿ ಅಮೀನರಾಗಿದ್ದವರು. ಊರಿನ ಕಳವಿನ ದೂರೆಲ್ಲ ಅವರ ಜಗಲಿಗೇ ಬರುತ್ತಿತ್ತು.

"ನಾನು ಕದ್ದಿಲ್ಲ ಕಣಪ್ಪ. ಸಂಜೆಗೆ ಮೇಷ್ಟ್ರು ಪೊಲೀಸ್ನೋರ್ನ ಕರೀತಾರಂತೆ. ನಾನು ಒಳಗೋದ್ರೆ ನನ್ನ ಕುರಿ ನೋಡೋರ್ಯಾರು?"

ಅವಳು ಕುರಿ ಕಾಯುವ ಒಂಟಿ ಮುದುಕಿ. ಹನ್ನೊಂದು ವರ್ಷ ಪಾವಗಡದ ಕಡೆ ಇದ್ದು, ಅಂದು ಬೆಳಿಗ್ಗೆ ಬೆಣ್ಣೆ ಗಡಿಗೆ ಹಿಡಿದು ನಂದೀಶ್ವರಯ್ಯ ಮೇಷ್ಟ್ರ ಹೆಂಡತಿ ಸರಸಮ್ಮನನ್ನು ನೋಡಲು ಬಂದಿದ್ದಳು. ಸರಸಮ್ಮ ಸತ್ತು ಹತ್ತು ವರ್ಷವಾಗಿದ್ದು ಅವಳಿಗೆ ಗೊತ್ತಿರಲಿಲ್ಲ. ಮೇಷ್ಟ್ರು ನೀರು ತರಲು ಹೋದಾಗ ಒಬ್ಬಳೇ ಪೆಟ್ಟಿಗೆಯ ಪಕ್ಕ ಕೂತು ಅತ್ತು ಹೋದಳು. ಆಮೇಲೆ ಮೇಷ್ಟ್ರು ಪೆಟ್ಟಿಗೆಯಲ್ಲಿದ್ದ ಕೈಬರಹದ ಪುಸ್ತಕ ಕಳುವಾಗಿದೆ ಎಂದರು.

ಅದು ಮೇಷ್ಟ್ರ ಹೆಸರಿನಲ್ಲಿ ಅಚ್ಚಾದ 'ಬೇರೆಯವರ ಮರಿ' ಎಂಬ ಮಕ್ಕಳ ಕಾದಂಬರಿಯ ಮೂಲ ಪ್ರತಿ. ನನಗೆ ಓದು ಬಾರದು, ಆದರೂ ಮಗಳು ಓದಿದ್ದು ಕೇಳಿ ಅತ್ತಿದ್ದೆ. ತಾಯಿ ಸತ್ತ ಮರಿಗೆ ಯಾವ ಕುರಿಯೂ ಹಾಲು ಕೊಡುವುದಿಲ್ಲ. ಕೊನೆಗೆ, ಮರಿ ಕಳೆದುಕೊಂಡ ಕುರಿಯೊಂದರ ಮುಂದೆ, ಆ ಸತ್ತ ಮರಿಯ ತೊಗಲನ್ನೇ ಇದಕ್ಕೆ ಹೊದಿಸುತ್ತಾರೆ. ತನ್ನ ಮರಿಯದೇ ವಾಸನೆಯೆಂದು ಆ ಕುರಿ ಹಾಲುಣಿಸುತ್ತದೆ. ಅದನ್ನು ಅಚ್ಚು ಹಾಕಿದ ತುಮಕೂರಿನ ಚಂದ್ರಶೇಖರಯ್ಯ ಅಂದು ಸಂಜೆ ಮೂಲ ಪ್ರತಿ ಒಯ್ಯಲು ಬರುವವರಿದ್ದರು.

ನಾವು ಮೇಷ್ಟ್ರ ಮನೆಗೆ ಹೋದೆವು. ಪುಸ್ತಕ ಮೊನ್ನೆಯೂ ಪೆಟ್ಟಿಗೆಯಲ್ಲಿತ್ತು, ಬೀಗದ ಕೈ ಗೂಟದಲ್ಲೇ ತೂಗುತ್ತದೆ ಎಂದರು ಮೇಷ್ಟ್ರು. ರಾಯಪ್ಪನವರು ಪೆಟ್ಟಿಗೆ ತೆರೆದರು. ಹುಳು ಬಾರದಂತೆ ಯುಗಾದಿಗೆ ತಳಕ್ಕೆ ಹಾಸಿದ ಬೇವಿನೆಲೆ ಒಣಗಿ ಸುರುಳಿಯಾಗಿ ನಿಂತಿತ್ತು. ನಾನು ಮೇಷ್ಟ್ರ ಹಾಸಿಗೆಗೆ ಒರಗಿದೆ. ಮೊಣಕೈಗೆ ನೋವಾಯಿತು, ದಿಂಬೋ ಹಲಗೆಯೋ ಎಂದು ನಗಾಡಿದೆ. ಮೇಷ್ಟ್ರು ನಗಲಿಲ್ಲ.

ಸಂಜೆ ಎಲ್ಲರೂ ಸೇರಿದಾಗ ರಾಯಪ್ಪನವರು ಮೆಲ್ಲಗೆ ಬಿಡಿಸಿ ಹೇಳಿದರು. ಮೊನ್ನೆಯವರೆಗೆ ದಪ್ಪ ಪುಸ್ತಕ ಮೇಲಿದ್ದರೆ ಆ ಎಲೆಗಳು ಚಪ್ಪಟೆಯಾಗಿರಬೇಕಿತ್ತು. ಹಾಗಾದರೆ ಯುಗಾದಿಯಿಂದಲೂ ಪುಸ್ತಕ ಅಲ್ಲಿಲ್ಲ. ಆಗ ಕರಿಯಕ್ಕ ಈ ಸೀಮೆಯಲ್ಲೇ ಇರಲಿಲ್ಲ. ಇನ್ನು, ತೊಗಲು ಹೊದಿಸುವ ಉಪಾಯ ಕುರಿ ಕಾಯುವವರದು. ಮೇಷ್ಟ್ರು ಕುರಿಯನ್ನು ದೂರದಿಂದಷ್ಟೇ ಕಂಡವರು. ಮೂಲ ಪ್ರತಿ ಹೊರಬಂದರೆ ಅಕ್ಷರ ಯಾರದೆಂದು ತಿಳಿದುಬಿಡುತ್ತದೆ, ಅದಕ್ಕೇ ಈ ಕಳವಿನ ಕತೆ.

"ಆ ದಿಂಬು ಬಿಚ್ಚಿ ಮೇಷ್ಟ್ರೇ," ಎಂದರು.

ಮೇಷ್ಟ್ರು ತಾವೇ ಹೊಲಿಗೆ ಕಿತ್ತರು. "ಅಕ್ಷರ ಸರಸೀದು. ಈಯಮ್ಮ ಜಗಲೀಲಿ ಹೇಳೋಳು, ಅವಳು ಬರ್ಕೊಳ್ಳೋಳು. ನಾನು ನನ್ನ ಹೆಸರು ಹಾಕ್ಕೊಂಡೆ. ಅದಕ್ಕೇ ಬಚ್ಚಿಟ್ಟೆ ಅಂದ್ರೆ ಅರ್ಧ ಸುಳ್ಳು. ಅವಳಕ್ಷರ ತಲೆ ಕೆಳಗಿಲ್ದಿದ್ರೆ ನಂಗೆ ನಿದ್ದೆ ಬರಲ್ಲ."

ಈ ಕತೆ ಎಲ್ಲಿ ಸಿಕ್ಕಿತು ಎಂದು ಚಂದ್ರಶೇಖರಯ್ಯ ಕರಿಯಕ್ಕನನ್ನು ಕೇಳಿದರು.

"ಎಲ್ಲಿ ಸಿಕ್ತದೆ ಸ್ವಾಮಿ? ನಮ್ಮವ್ವ ನನ್ನ ಹೆತ್ತು ಸತ್ತೋದ್ಲು. ಮಗಾ ಕಳ್ಕೊಂಡಿದ್ದೋಳೊಬ್ಳು, ಆ ಮಗಿನ ಬಟ್ಟೆ ನಂಗೆ ಹೊದ್ಸಿ ಹಾಲು ಕೊಟ್ಲು. ಆ ಮರಿ ನಾನೇಯ."

ತಮ್ಮ ಹೆಸರು ತೆಗೆದು ಇಬ್ಬರು ಹೆಂಗಸರ ಹೆಸರು ಅಚ್ಚು ಹಾಕಿ ಎಂದು ಮೇಷ್ಟ್ರು ಪುಸ್ತಕ ಮುಂದೆ ಚಾಚಿದರು. ಕರಿಯಕ್ಕ ಅದನ್ನು ಇಸಿದುಕೊಂಡು, ಸವರಿ, ಮತ್ತೆ ದಿಂಬಿನೊಳಗೆ ತುರುಕಿದಳು.

"ನಮ್ಮ ಹೆಸ್ರು ಬೇಕಾದ್ರೆ ಹಾಕ್ಕಳ್ಳಿ. ಇದು ಇಲ್ಲೇ ಇರ್ಲಿ. ನೀನೂ ಒಬ್ನೇ ಅಲ್ವಾ ಮೇಷ್ಟ್ರೇ."

ಜಟಕಾದಲ್ಲಿ ಅವಳನ್ನು ದೊಡ್ಡೇರಿ ದಾರಿಯ ಕುರಿಹಟ್ಟಿಯವರೆಗೆ ಬಿಟ್ಟೆ. ದಾರಿಯುದ್ದಕ್ಕೂ ನನ್ನ ಬಾಯಿಗೆ ಒಂದು ಸುಳ್ಳೂ ಬರಲಿಲ್ಲ.