ಯಾವ ಜುಮ್?

"ನಮ್ಮಪ್ಪ ಹುಚ್ಚ ಅಲ್ರೀ, ಡಾಕ್ಟ್ರೇ!"

ಅರ್ಚನಾಳ ದನಿಗೆ ಕೊಟ್ಟೂರಿನ ಆರೋಗ್ಯ ಶಿಬಿರದಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಬೆಂಗಳೂರಿನಿಂದ ಬಂದಿದ್ದ ಡಾಕ್ಟರ್ ನಿರಂಜನ್ ಕಕ್ಕಾಬಿಕ್ಕಿಯಾದ.

ಪಾಪ, ಅವನು ಹೇಳಿದ್ದು ಇಷ್ಟೇ: "ತಲೆಗೆ ಸ್ವಲ್ಪ ಕರೆಂಟ್ ಕೊಡ್ತೀವಿ, ನಡುಕ ನಿಲ್ಲುತ್ತೆ."

ತಲೆಗೆ ಕರೆಂಟ್ ಎಂದರೆ ಊರಲ್ಲಿ ಒಂದೇ ಅರ್ಥ! ಅವಳ ಅಪ್ಪ ಮರುಳಪ್ಪ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಅರ್ಚನಾ ಈ ಚಿಕಿತ್ಸೆಯ ಸಂಶೋಧನಾ ತಂಡದಲ್ಲೇ ಕೊಟ್ಟೂರು ಕಡೆಯ ಫಿಸಿಯೋಥೆರಪಿಸ್ಟ್. ಅಪ್ಪನನ್ನು ಇಲ್ಲಿಗೆ ಕರೆತರುವಷ್ಟರಲ್ಲಿ ಅವಳಿಗೆ ಸಾಕುಬೇಕಾಗಿತ್ತು.

"ಪಾರ್ಕಿನ್ಸನ್ನಿಗೆ ಏನ್ ಮಾಡ್ತೀರಿ ಅಂತ ನನಗ ಗೊತ್ತೈತ್ರಿ. ನಮ್ಮಪ್ಪಗ ತಿಳಿಯೋ ಹಂಗ ಹೇಳ್ರಿ!"

ನಿರಂಜನ್ ಮರುಳಪ್ಪನವರ ಮುಂದೆ ನೆಲದ ಮೇಲೇ ಕೂತ. "ತಪ್ಪಾಯ್ತು ಯಜಮಾನ್ರೇ. ಎದೆ ಹತ್ರ ಪುಟ್ಟ ಬ್ಯಾಟರಿ, ಅಲ್ಲಿಂದ ಮಿದುಳಿಗೆ ಸಣ್ಣ ತಂತಿ. ಸುಮ್ನಿರು ಅಂತ ಅದು ಕೈಗೆ ಹೇಳುತ್ತೆ."

"ವಿಭೂತಿ ನೆಟ್ಟಗ ಹಚ್ಕೊಳ್ಳಾಕ ಬರ್ತೈತೇನ್ರಿ?"

ಗೆರೆ ಸೊಟ್ಟಗಾಗುತ್ತದೆಂದು ಅಪ್ಪ ಹೊರಗೆ ಹೋಗುವುದನ್ನೇ ಬಿಟ್ಟಿದ್ದರು...

"ಅದಕ್ಕೇ ನಾನು ಬಂದಿರೋದು," ಎಂದ ನಿರಂಜನ್.

ಅರ್ಚನಾಳ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಉಳಿದರ್ಧವನ್ನು ಅವಳೇ ಬಿಗಿಹಿಡಿದುಕೊಂಡಳು. ಅವನ ಕಣ್ಣು ಬೇರೆ ಚೆನ್ನಾಗಿದ್ದವಲ್ಲ!

ಬೆಂಗಳೂರಿನಲ್ಲಿ ಆಪರೇಷನ್. ಮರುಳಪ್ಪ ಎಚ್ಚರವಾಗಿಯೇ ಇರಬೇಕಿತ್ತು. ಕರೆಂಟ್ ಏರಿಸುತ್ತ, ಏನನಿಸುತ್ತದೆಂದು ಕೇಳುತ್ತಲೇ ಸರಿಯಾದ ಅಳತೆ ಹಿಡಿಯಬೇಕು. ತಂಡದವಳಾಗಿ ಅರ್ಚನಾ ಅಪ್ಪನ ಪಕ್ಕದಲ್ಲೇ ಇದ್ದಳು.

"ಹೇಗಿದೆ ಯಜಮಾನ್ರೇ?"

"ಜುಮ್ ಅಂತೈತಿ ನೋಡ್ರಿ."

ಮೈಸೂರಲ್ಲಿ ಹುಟ್ಟಿ ಬೆಳೆದ ನಿರಂಜನ್‌ನ ಮುಖ ಅರಳಿತು. ಖುಷಿಗೆ ಮೈ ಜುಮ್ಮೆಂದಿದೆ ಅಂದುಕೊಂಡು ಕರೆಂಟ್ ಏರಿಸಲು ಗುಂಡಿಗೆ ಕೈ ಹಾಕಿದ.

"ಏರಸಬ್ಯಾಡ್ರಿ! ನಮ್ಮ ಕಡೆ ಅದು ಜೋಮು ಹಿಡಿಯೋ ಜುಮ್ ರೀ. ಇಳಸ್ರಿ!" ಎಂದಳು ಅರ್ಚನಾ.

ನಿರಂಜನ್ ಅವಳ ಮುಖ ನೋಡಿದ. ಕೂಡಲೇ ಇಳಿಸಿದ.

'ನನ್ನ ಮಾತು ಇಷ್ಟು ನಂಬಿದನಲ್ಲ...' ಅವಳೆದೆ ತುಂಬಿ ಬಂತು.

"ಅಪ್ಪಾ, ಕೈ ಎತ್ತು."

ಕೈ ಎದ್ದಿತು. ನಡುಗಲಿಲ್ಲ!

ತಿಂಗಳುಗಳ ನಂತರ ತಪಾಸಣೆಗೆಂದು ನಿರಂಜನ್ ಕೊಟ್ಟೂರಿನ ಮನೆಗೇ ಬಂದ. ಮರುಳಪ್ಪ ಕನ್ನಡಿ ಮುಂದೆ ನಿಂತು ಮೂರು ಗೆರೆ ನೆಟ್ಟಗೆ ಎಳೆದುಕೊಂಡರು. "ಓಣ್ಯಾಗ ತೋರಿಸಿ ಬರ್ತೀನವಾ," ಎಂದು ಹೊರಟೇಬಿಟ್ಟರು.

ಪಡಸಾಲೆಯಲ್ಲಿ ಇಬ್ಬರೇ ಉಳಿದರು.

"ಅರ್ಚನಾ... ನಿಮ್ಮನ್ನ ನೋಡಿದ್ರೆ ನನಗೂ ಜುಮ್ ಅನ್ನುತ್ತೆ."

"ಯಾವ ಜುಮ್ ರೀ? ಸರಿಯಾಗಿ ಹೇಳ್ರಿ!"

"ನಮ್ಮ ಮೈಸೂರಿನದು. ನನ್ನ ಮದುವೆ ಆಗ್ತೀರಾ?"

ಅವಳು ಅವನ ಕೈ ಹಿಡಿದಳು. ಈಗ ನಡುಗುತ್ತಿದ್ದುದು ಡಾಕ್ಟರ ಕೈ!

"ಜಾಸ್ತಿ ಆಯ್ತಾ? ಇಳಿಸ್ಲಾ?" ಎಂದ ಅಳುಕುತ್ತ.

ಅರ್ಚನಾ ನಕ್ಕಳು.

"ಬ್ಯಾಡ್ರಿ... ಏರಸ್ರಿ."