ಒಂದೇ ಅಳತೆಯ ಸೊಟ್ಟ

"ನಾಳೆಯಿಂದ ನಿನಗೆ ಈ ಆಫೀಸ್ ಇಲ್ಲ. ಬೇರೆ ಊರಿನ ಬ್ರಾಂಚಿಗೆ ಹೋಗು. ಸಂಜೆ ಬಸ್ ಹತ್ತು," ಎಂದು ಎಲ್ಲರೆದುರು ಆ ಹುಡುಗನನ್ನು ಗದರಿ ಯಜಮಾನರು ತಮ್ಮ ಕೋಣೆಗೆ ನಡೆದರು.

ಕಂಪನಿಗಳ ಮೀಟಿಂಗಿಗೆ ಸ್ಲೈಡ್ ಮಾಡಿಕೊಡುವ ಪುಟ್ಟ ಆಫೀಸು ಅದು. ಅಲ್ಲಿ ಅವನ ಹೆಸರೇ ಸೊಟ್ಟಪ್ಪ. ಅವನಿಟ್ಟ ಲೋಗೋ ಒಂದು ದಿನವೂ ಇರಬೇಕಾದಲ್ಲಿ ಇರುತ್ತಿರಲಿಲ್ಲ. ಸರಿಪಡಿಸುವುದು ಪಕ್ಕದ ಮೇಜಿನ ಹುಡುಗಿಯ ಪಾಲು. ಅವಳು ಸ್ಕೇಲಮ್ಮ.

"ಸ್ಕೇಲಮ್ಮೋರೇ, ಸ್ವಲ್ಪ ಬರ್ತೀರಾ?"

ಅವನು ಇಷ್ಟು ಕರೆದರೆ ಸಾಕು, ಅವಳು ಕುರ್ಚಿ ಎಳೆದುಕೊಂಡು ಬರುವಳು. ಪಕ್ಕದಲ್ಲಿ ಕೂತು, ಮೊದಲ ಸ್ಲೈಡಿನ ಲೋಗೋವನ್ನು ಸರಿಯಾಗಿಟ್ಟು, ಸ್ಲೈಡ್ ಸಾಫ್ಟ್‌ವೇರಿಗೆ ಸೇರಿಸಿಕೊಂಡ ಆಡ್-ಇನ್‌ನಲ್ಲಿ ಅದರ ಜಾಗ ಕಾಪಿ ಮಾಡಿ ಉಳಿದವಕ್ಕೆಲ್ಲ ಪೇಸ್ಟ್ ಮಾಡುವಳು. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸ. ಅವಳು ಬೇಕೆಂದೇ ನಿಧಾನಿಸುವಳು. ಅವನ ಕಣ್ಣು ಪರದೆ ಬಿಟ್ಟು ತನ್ನ ಕೆನ್ನೆಯ ಮೇಲಿದೆಯೆಂದು ನೋಡದೆಯೇ ತಿಳಿಯುತ್ತಿತ್ತು. ಆದರೆ ಇಬ್ಬರೂ ಬಾಯಿ ಬಿಟ್ಟವರಲ್ಲ.

ನಿನ್ನೆ ಅವಳಿಗೆ ಜ್ವರ. ಅವಳ ಕೈ ತಾಗದೆಯೇ ಫೈಲು ಗಿರಾಕಿಗೆ ಹೋಗಿತ್ತು. ಪ್ರತಿ ಸ್ಲೈಡಿನಲ್ಲೂ ಲೋಗೋ ಹೆಡ್ಡಿಂಗಿನ ಮೇಲೆ ಹತ್ತಿ ಕೂತಿತ್ತಂತೆ.

ಅವನನ್ನು ಉಳಿಸಲು ಏನಾದರೂ ನೆಪ ಸಿಕ್ಕೀತೇ ಎಂದು ಅವಳು ಆ ಫೈಲು ತೆರೆದಳು. ಒಂದೊಂದೇ ಲೋಗೋವನ್ನು ಒತ್ತಿ ನೋಡಿದಳು. ಪ್ರತಿಯೊಂದರ ಜಾಗದ ಅಂಕಿ ಓದಿದಳು. ಕೈಯಲ್ಲಿ ಎಳೆದಿಟ್ಟರೆ ಒಂದೊಂದು ಕಡೆ ಒಂದೊಂದು ಥರ ಸೊಟ್ಟ. ಇಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆಡ್-ಇನ್ ಬಲ್ಲವನು ಮಾತ್ರ ಹೀಗೆ ಕೆಡಿಸಬಲ್ಲ. ಇಷ್ಟು ದಿನ ಅವನು ಪಕ್ಕದಲ್ಲಿದ್ದ. ಅವಳು ಲೋಗೋವನ್ನು ನೆಟ್ಟಗೆ ನೋಡಿದ್ದೇ ಇಲ್ಲ.

"ನಿಮಗೆ ಇದು ಬರುತ್ತೆ!" ಅವಳು ಪರದೆಯನ್ನು ಅವನತ್ತ ತಿರುಗಿಸಿದಳು. "ನನ್ನನ್ನ ಆಟ ಆಡಿಸಿದ್ರಾ?"

"ಆಟ ಅಲ್ಲ ಕಣ್ರೀ. ಸರಿಯಾಗಿಟ್ರೆ ನೀವ್ಯಾಕೆ ಬರ್ತೀರಿ? ನಿನ್ನೇನೂ ಬರ್ತೀರಿ ಅಂತ ಕಾದೆ. ನಾನೇ ಸರಿ ಮಾಡೋದ್ರೊಳಗೆ ಸಾರ್ ಕಳಿಸಿಬಿಟ್ರು."

"ಹೇಳೋಕೆ ಬಾಯಿರ್ಲಿಲ್ವಾ?"

"ನಿಮ್ಮೆದುರು ಅದೊಂದು ಬಿಟ್ಟು ಎಲ್ಲಾ ಬರುತ್ತೆ."

ತಾನಾಗಿ ಎಂದೂ ಯಜಮಾನರ ಕೋಣೆಗೆ ಕಾಲಿಡದವಳು, ಬಾಗಿಲು ತಟ್ಟುವುದನ್ನೂ ಮರೆತು ಒಳಗೆ ನುಗ್ಗಿದಳು.

"ಸಾರ್, ಅವರನ್ನ ಕಳಿಸ್ಬೇಡಿ. ಕೆಲಸ ಚೆನ್ನಾಗಿ ಗೊತ್ತು. ನಾನು ಪಕ್ಕ ಬಂದು ಕೂರ್ಲಿ ಅಂತ ಸೊಟ್ಟ ಮಾಡ್ತಿದ್ರು. ನನಗೂ... ನನಗೂ ಅದೇ ಬೇಕಿತ್ತು."

ಯಜಮಾನರು ಕನ್ನಡಕ ತೆಗೆದರು. "ನಿಮ್ಮ ಪ್ರೀತಿಗೆ ನನ್ನ ಗಿರಾಕಿ ಲೋಗೋನೇ ಬೇಕಿತ್ತೇನಮ್ಮಾ?" ಕನ್ನಡಕವನ್ನು ಒರೆಸಿ ಮತ್ತೆ ಏರಿಸಿಕೊಂಡರು. "ಆ ಕಂಪನಿಯವರು ನಮ್ಮನ್ನ ಬಿಟ್ಟು ಹೋದ್ರು. ಇನ್ನು ಇವನನ್ನ ಇಲ್ಲಿಟ್ಕೊಳ್ಳೋಕಾಗಲ್ಲ."

ಹೊರಗೆ ಬಾಗಿಲ ಪಕ್ಕ ಅವನು ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ.

"ಆ ಊರಿಂದ ಫೋನ್ ಮಾಡ್ತೀನಿ ಅನ್ಬೇಡಿ, ಫೋನಲ್ಲಿ ನನಗೆ ಮಾತೇ ಹೊರಡಲ್ಲ," ಅವಳು ಬಿಕ್ಕಿದಳು. "ನೀವೇ ಬರ್ಬೇಕು."

"ಈ ಭಾನುವಾರಾನೇ ಬರ್ತೀನಿ. ನಿಮ್ಮಪ್ಪನ ಹತ್ರ."

"ಅಪ್ಪ ಬೈದ್ರೆ?"

"ಬೈಸ್ಕೊಂಡು ಕೂತ್ಕೋತೀನಿ."

ಇಡೀ ಆಫೀಸು ನೋಡುತ್ತಿತ್ತು. ಅವಳು ಅವನ ಅಂಗಿಯ ತೋಳು ಹಿಡಿದುಕೊಂಡಳು. ಬಸ್ಸಿಗೆ ಹೊತ್ತಾಯಿತೆಂದು ಅವನು ಹೇಳುವವರೆಗೂ ಬಿಡಲಿಲ್ಲ. ಹೇಳಿದ ಮೇಲೂ ಬಿಡಲಿಲ್ಲ.