ರವೆ, ಹರಳೆಣ್ಣೆ, ತೆರೆದ ಕಿಟಕಿ

"ಮೇಡಂ, ನನ್ನ ಗಾಜಿನ ತಟ್ಟಿ ಇಲ್ಲೇ ಉಳ್ದೈತಂತ ಬಂದೆ."

ಲ್ಯಾಬಿನ ಬಾಗಿಲಲ್ಲಿ ತಿಪ್ಪೇಶ್! ಗಂಗಾಂಬಿಕಾ ಕುರ್ಚಿ ಬಿಟ್ಟು ಎದ್ದಳು. ಅವನ ಹುಬ್ಬಿಗೂ ಕೆಂಪು ಧೂಳು, ಕಾಲರಿಗೂ ಕೆಂಪು ಧೂಳು. ಕಬ್ಬಿಣದ ಅದಿರಿನ ರೇಟು ಆಕಾಶಕ್ಕೇರಿದ ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಯಾರ ಅಂಗಿ ಬೆಳ್ಳಗಿತ್ತು ಹೇಳಿ? ಆದರೂ ಇವನ ಮೈಮೇಲೆ ಅದನ್ನು ಕಂಡು ಅವಳಿಗೆ ಸಂಕಟವಾಯಿತು.

"ಎಲ್ಲಿಂದ ಬಂದ್ರಿ?"

"ಸಂಡೂರಿಂದ. ಅಲ್ಲೇ ವೇಬ್ರಿಡ್ಜ್‌ನ್ಯಾಗ ಕೆಲಸಕ್ಕ ಸೇರೀನಿ. ಲಾರಿ ತೂಕ ಮಾಡೂದು. ಲಾರಿ ಎಷ್ಟು ಶಾಣ್ಯಾ ಅಂತೀರಿ! ಒಂದೂ ಡೌಟ್ ಕೇಳಂಗಿಲ್ಲ."

ಹೇಳಿ ತಾನೇ ನಕ್ಕ. ಅವಳಿಗೆ ನಗು ಬರಲಿಲ್ಲ.

ಇಬ್ಬರೂ ಎಂ.ಎಸ್ಸಿ.ಯಲ್ಲಿ ಒಂದೇ ಕ್ಲಾಸು. ಹೋದ ತಿಂಗಳು ಈ ಕಾಲೇಜಿನ ಒಂದೇ ಒಂದು ಫಿಸಿಕ್ಸ್ ಹುದ್ದೆಗೆ ಇಬ್ಬರೂ ಡೆಮೊ ಪಾಠ ಮಾಡಿದ್ದರು. ವಿಷಯವೂ ಒಂದೇ, ವಿದ್ಯುತ್ ಕ್ಷೇತ್ರದ ರೇಖೆಗಳು. ಬೋರ್ಡಿನ ಮೇಲೆ ಗೆರೆ ಎಳೆದು ಬಾಣ ಹಾಕಿದರೆ ಮಕ್ಕಳು ಆಕಳಿಸುತ್ತಾರೆ, ಗೆರೆ ತಾನಾಗಿ ಮೂಡುವುದನ್ನೇ ತೋರಿಸೋಣ ಎಂದಿದ್ದವನು ತಿಪ್ಪೇಶ್. ಗಾಜಿನ ತಟ್ಟೆಯಲ್ಲಿ ಹರಳೆಣ್ಣೆ, ಅದರ ಮೇಲೆ ಚಿಟಿಕೆ ರವೆ, ಅಂಚಿನಲ್ಲಿ ಎರಡು ಹಿತ್ತಾಳೆ ಗುಂಡು. ಸ್ಥಿರವಿದ್ಯುತ್ ಹುಟ್ಟಿಸುವ ಯಂತ್ರದ ಹಿಡಿಕೆ ತಿರುಗಿಸಿ ಗುಂಡುಗಳಿಗೆ ವಿದ್ಯುತ್ ಕೊಟ್ಟರೆ ಸಾಕು, ರವೆಯ ಕಾಳುಗಳು ಸಾಲುಗಟ್ಟಿ ಈ ಗುಂಡಿನಿಂದ ಆ ಗುಂಡಿಗೆ ಬಾಗಿ ನಿಲ್ಲುತ್ತವೆ.

ಸಣ್ಣ ರವೆ ಹುಡುಕಿಕೊಂಡು ಇಬ್ಬರೂ ಅಂಗಡಿ ಅಂಗಡಿ ಸುತ್ತಿದ್ದರು. "ಏನ್ರಪ್ಪಾ, ಮದುವಿ ಅಡಿಗಿ ಏನು?" ಎಂದಿದ್ದಳು ಅಂಗಡಿಯ ವಿರುಪಮ್ಮ. ತಿಪ್ಪೇಶ್ ಓರೆಗಣ್ಣಿನಲ್ಲಿ ಇವಳನ್ನೇ ನೋಡಿದ. ಇವಳು ಚೀಲದಲ್ಲಿ ಇಲ್ಲದ್ದೇನನ್ನೋ ಹುಡುಕುತ್ತ ತಲೆ ತಗ್ಗಿಸಿದ್ದಳು. ಕಿವಿಗಳು ಮಾತ್ರ ಕೆಂಪೇರಿದ್ದವು.

ಡೆಮೊ ದಿನ ಮೊದಲ ಸರದಿ ಅವಳದು. ರವೆ ಸಾಲುಗಟ್ಟಿತು, ಮಕ್ಕಳು ಬೆಂಚು ಬಿಟ್ಟು ಎದ್ದು ನಿಂತರು. ಆಮೇಲೆ, ತನ್ನ ತಟ್ಟೆಗೆ ಎಣ್ಣೆ ಸುರಿದಿಟ್ಟು ಸರದಿಗೆ ಕಾದಿದ್ದ ತಿಪ್ಪೇಶನನ್ನು ಮೊದಲು ಸಂದರ್ಶನಕ್ಕೆ ಕರೆದರು. "ನನ್ನ ತಟ್ಟಿ ನೋಡ್ಕೊಳ್ರಿ. ಲಾರಿ ಬಂದ್ರ ಕಿಟಕಿ ಮುಚ್ರಿ, ಧೂಳು ಬಿದ್ರ ಎಣ್ಣಿ ಕೆಡ್ತೈತಿ" ಎಂದು ಹೇಳಿಯೇ ಹೋಗಿದ್ದ.

ಲಾರಿಗಳು ಬಂದವು. ಒಂದರ ಹಿಂದೊಂದು, ಅದಿರು ತುಂಬಿಕೊಂಡು. ಅವಳು ಕಿಟಕಿಯ ಚಿಲಕ ಹಿಡಿದಳು. ಅಲ್ಲೇ ಕೈ ನಿಂತಿತು. ಗಾದಿಗನೂರಿನ ಟಿಪ್ಪರ್ ಮಾಲೀಕನ ಮನೆಯಿಂದ ಸಂಬಂಧ ಬಂದಿತ್ತು. ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ದೀಪಾವಳಿ ಕಳೆದ ಮೇಲೆ ಮದುವೆ ಎಂದಿದ್ದರು ಅಪ್ಪ. ಆಮೇಲೆ ತಿಪ್ಪೇಶ್ ಎಲ್ಲಿ, ತಾನೆಲ್ಲಿ? ಅವನನ್ನು ಕಳೆದುಕೊಳ್ಳಬಾರದೆಂದು ಅವನನ್ನೇ ಸೋಲಿಸಲು ಹೊರಟಿದ್ದಳು, ಹುಚ್ಚು ಹುಡುಗಿ! ಎಣ್ಣೆಯ ಮೇಲೆ ಕಂಡೂ ಕಾಣದಂಥ ಕೆಂಪು ಪೊರೆ ಕೂರುವುದನ್ನು ನೋಡುತ್ತ ನಿಂತಳು. ಕಿಟಕಿ ಮುಚ್ಚಲಿಲ್ಲ.

ಅವನು ಹಿಡಿಕೆ ತಿರುಗಿಸಿದಾಗ ರವೆ ಮುದ್ದೆಮುದ್ದೆಯಾಯಿತು. ಮಕ್ಕಳು ಗೊಳ್ಳೆಂದು ನಕ್ಕರು. ಕೆಲಸ ಅವಳಿಗಾಯಿತು.

"ಇನ್ನೊಂದು ಮಾತಿತ್ತು," ಎಂದ ತಿಪ್ಪೇಶ್, ಈಗ ಅವಳು ತಂದಿಟ್ಟ ತಟ್ಟೆಯ ಅಂಚು ಸವರುತ್ತ. "ನಿಮ್ಮಪ್ಪಾರ ಹತ್ರ ಬಂದು ಮಾತಾಡ್ಬೇಕಂತ ಮನಸೈತಿ. ಪಾಠ ಮಾಡಾಕ ಲಾಯಕ್ಕಿಲ್ಲದಾಂವ ನಾನು. ನಡೀತತೇನ್ರಿ?"

ಎಷ್ಟು ದಿನದಿಂದ ಕಾದಿದ್ದ ಮಾತು! ಹೂಂ ಎಂದರೆ ಮುಗಿಯಿತು, ಅವನಿಗೆ ಎಂದಿಗೂ ಗೊತ್ತಾಗುವುದಿಲ್ಲ. ಆದರೆ ಅವನು ತನ್ನನ್ನು 'ಲಾಯಕ್ಕಿಲ್ಲದಾಂವ' ಎಂದುಕೊಂಡೇ ಇರಬೇಕೆ?

"ಕುಂದ್ರಿ," ಎಂದಳು. ಕಿಟಕಿ ಮುಚ್ಚಿದಳು. ತಟ್ಟೆ ತೊಳೆದು ಒರೆಸಿ, ಹೊಸ ಎಣ್ಣೆ ಸುರಿದು, ಗುಂಡುಗಳನ್ನಿಟ್ಟು ರವೆ ಉದುರಿಸಿದಳು. "ಈಗ ತಿರುಗಸ್ರಿ."

ತಿರುಗಿಸಿದ. ಕಾಳುಗಳು ಅಲುಗಾಡಿ, ತಿರುಗಿ, ಸಾಲಾದವು. ಅವನ ಮುಖ ಅರಳಿತು.

"ಹಂಗಾರ ಅವತ್ತ್ಯಾಕ ಆಗ್ಲಿಲ್ಲ?"

"ನಾ ಕಿಟಕಿ ಮುಚ್ಚಲಿಲ್ರಿ. ಧೂಳು ಬೀಳೂದು ನೋಡ್ಕೋಂತ ನಿಂತಿದ್ದೆ. ಬೇಕಂತ."

ಟಿಪ್ಪರಿನವರ ಸಂಬಂಧ, ಅಪ್ಪನ ಮಾತು, ಎಲ್ಲ ಹೇಳಿದಳು. ಹಿಡಿಕೆಯ ಮೇಲೆ ಅವನ ಕೈ ನಿಂತಿತು. ರವೆಯ ಸಾಲುಗಳು ಮೆಲ್ಲಗೆ ಸಡಿಲವಾದವು.

"ಎಣ್ಣಿ ಹಳೇದಿತ್ತೇನೋ, ವೈರ್ ಲೂಸ್ ಇತ್ತೇನೋ ಅಂತ ದಿನಾ ತಲಿ ಕೆಡಿಸ್ಕಂಡೆ," ಎಂದ ಕೊನೆಗೆ. "ನಿಮ್ ಮ್ಯಾಲ ಮಾತ್ರ ಡೌಟ್ ಬರ್ಲಿಲ್ಲ."

"ಬೈರಿ ನನಗ. ಸುಮ್ನಿರಬ್ಯಾಡ್ರಿ."

ಅವನು ಎದ್ದು ಹೊರಗೆ ಹೋದ. ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಹೋಗಲಿ, ಹೋಗಬೇಕಾದ್ದೇ ಎಂದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಮತ್ತೆ ಅವನೇ.

"ಕಂಪ್ಲಿ ಊರಾಗ ಒಂದು ಕಾಲೇಜಿನ್ಯಾಗ ಪೋಸ್ಟ್ ಐತಂತ. ಸೋಮವಾರ ಡೆಮೊ. ನನ್ನ ಕೈಲಾಗಂಗಿಲ್ಲಂತ ಬಿಟ್ಟಿದ್ದೆ. ಈಗ ಹೋಗ್ತೀನಿ."

"ಹೋಗ್ರಿ. ಖಂಡಿತ ಹೋಗ್ರಿ."

"ಸಿಟ್ಟು ಇಳ್ದಿಲ್ಲ ಮತ್ತ. ಜಲ್ದಿ ಇಳಿಯೂದೂ ಇಲ್ಲ." ಮುಖ ಬಿಗಿದೇ ಇತ್ತು, ಕಣ್ಣು ಮಾತ್ರ ಒದ್ದೆ. "ರಜಾ ಹಾಕಿ ನೀವೂ ಬರ್ರಿ."

"ನಾ ಯಾಕ್ರಿ?"

"ಕಿಟಕಿ ಮುಚ್ಚಾಕ."

ತಟ್ಟೆಯ ಎಣ್ಣೆಯನ್ನು ಬಾಟಲಿಗೆ ಬಸಿದು, ತಟ್ಟೆ ಒರೆಸಿ, ಹಳೇ ಪೇಪರಿನಲ್ಲಿ ಸುತ್ತಿದ. ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಾನೆಂದುಕೊಂಡಿದ್ದಳು. ಅವನು ಅದನ್ನು ಅವಳ ಕೈಗಿಟ್ಟ.

"ಸೋಮವಾರದ ತನಕ ನೀವೇ ನೋಡ್ಕೊಳ್ರಿ," ಎಂದ.

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.